ಮುನಿನಾರಾಯಣಮ್ಮನ ಕರಬೂಜದ ಐಸು

ಮುನಿನಾರಾಯಣಮ್ಮ ಚಿಕ್ಕಬಾಣಾವರದ ಹೆಣ್ಣು. ಹದಿನೈದು ತುಂಬುವ ಮೊದಲೇ ಜಾಲಹಳ್ಳಿಗೆ ಕೊಟ್ಟರು. ಗಂಡ ಚಿಕ್ಕಹನುಮಯ್ಯನ ಮನೆಗೆ ಒಂದೂವರೆ ಎಕರೆ ರಾಗಿ ಹೊಲವಿತ್ತು. ಸಾವಿರದ ಒಂಬೈನೂರ ಐವತ್ತರ ಸುಮಾರಿಗೆ ಆ ಹೊಲ ಕಾರ್ಖಾನೆಗಳ ಜಾಗದೊಳಗೆ ಸೇರಿಹೋಯಿತು. ಗಂಡ ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದಿದ್ದ ಐಸ್ ಕಾರ್ಖಾನೆಗೆ ಕೂಲಿಗೆ ಸೇರಿದ. ಹೆಂಡತಿ, ತಾನು ಕಳೆ ಕಿತ್ತಿದ್ದ ಅದೇ ನೆಲದ ಮೇಲೆ ಏಳುತ್ತಿದ್ದ ಕ್ವಾರ್ಟರ್ಸ್ ಗೋಡೆಗಳಿಗೆ ಗಾರೆ ಹೊತ್ತಳು. ಅದನ್ನು ಹೇಳಿಕೊಂಡು ಅತ್ತವಳಲ್ಲ. "ಮಣ್ಣು ಅದೇ ಕಣಣ್ಣ, ಮಂಕ್ರಿ ಬದ್ಲು ಬಾಂಡ್ಲಿ ಬಂತು, ಅಷ್ಟೆ" ಎಂದು ಒಮ್ಮೆ ನನ್ನೆದುರು ಹೇಳಿದ್ದಳು.

ನಾನೂ ಅದೇ ಐಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆ. ನಾಲ್ಕಕ್ಷರ ಬರುತ್ತಿತ್ತೆಂದು ಯೂನಿಯನ್ನಿನ ಬರವಣಿಗೆಯನ್ನು ನನ್ನ ತಲೆಗೆ ಕಟ್ಟಿದ್ದರು. ಚಿಕ್ಕಹನುಮಯ್ಯನ ಮನೆಗೆ ಹೋಗಿ ಬರುತ್ತಿದ್ದುದು ಹಾಗೆ.

ಐಸ್ ಮಾಡುವ ಬಗೆ ಇಷ್ಟು. ಒಂದು ದೊಡ್ಡ ತೊಟ್ಟಿಯ ತುಂಬ ಉಪ್ಪುನೀರು. ಮೆಷಿನ್ ಆ ಉಪ್ಪುನೀರನ್ನು ಶೀತ ಮಾಡುತ್ತದೆ. ಅದರೊಳಗೆ ಸಿಹಿನೀರು ತುಂಬಿದ ಉದ್ದನೆಯ ತಗಡಿನ ಕ್ಯಾನುಗಳನ್ನು ಇಳಿಬಿಡುತ್ತಾರೆ. ಮಾರನೆಯ ದಿನ ಒಂದೊಂದು ಕ್ಯಾನಿನಿಂದ ಒಂದೊಂದು ದಿಮ್ಮಿ ಐಸ್ ಹೊರಗೆ ಬರುತ್ತದೆ. ದಿಮ್ಮಿ ಎಳೆಯುವಾಗ ಮೂಲೆ ಮುರಿದ ಚೂರುಗಳನ್ನು ಕೂಲಿಗಳು ಗೋಣಿಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು. ಅದಕ್ಕೆ ಸಾಹುಕಾರ ಬೇಡ ಎನ್ನುತ್ತಿರಲಿಲ್ಲ. ಚಿಕ್ಕಹನುಮಯ್ಯ ಮೊದಲ ಸಲ ಮನೆಗೆ ತಂದ ಚೂರನ್ನು ಹೆಂಡತಿ ಕೈಯಲ್ಲಿ ಹಿಡಿದು ನೋಡಿ ಕೇಳಿದಳಂತೆ:

"ಒಳಗಿನ ನೀರು ಗಟ್ಟಿ ಆಯ್ತದೆ. ಹೊರಗಿನ ಉಪ್ಪುನೀರು ಯಾಕ್ ಆಗಕ್ಕಿಲ್ಲ?"

"ಉಪ್ಪು ಬಿದ್ರೆ ಶೀತ ಜಾಸ್ತಿ ಕಚ್ತದೆ, ಆದ್ರೆ ತಾನು ಕಟ್ಟಕ್ಕಿಲ್ಲ."

"ಅಂಗಾದ್ರೆ ಐಸ್‌ಗೇ ಉಪ್ಪು ಆಕುದ್ರೆ? ಮೆಷಿನ್ ಯಾಕೆ?"

"ಓಗು, ನಮ್ ಸಾವ್ಕಾರಂಗ್ ಏಳು. ಮೆಷಿನ್ ಮಾರಿ ನಿನ್ನ ಇಟ್ಕಂತಾನೆ."

ಅವನು ನಗಾಡಿ ಮಲಗಿದ. ಅವಳು ಮಾಡಿ ನೋಡಿದಳು. ಮೊದಲ ಸಲ ಡಬ್ಬದೊಳಕ್ಕೆ ಉಪ್ಪುನೀರು ನುಗ್ಗಿ ಸೀಬೆಹಣ್ಣಿನ ರಸವನ್ನು ಎಮ್ಮೆಗೆ ಸುರಿಯಬೇಕಾಯಿತು. ಎರಡನೆಯ ಸಲ ರಸ ಕಲ್ಲಾಗಿ ಕೂತು, ಕುಡುಗೋಲಿನ ಹಿಡಿಯಲ್ಲಿ ಕುಟ್ಟಬೇಕಾಯಿತು. ಮೂರನೆಯದಕ್ಕೆ ಹದ ಸಿಕ್ಕಿತು. ಹದವೆಂದರೆ ಕೈಯನ್ನು ಸುಮ್ಮನೆ ಬಿಡದಿರುವುದು.

ಹಣ್ಣನ್ನು ಕಿವುಚಿ ತೆಳು ಬಟ್ಟೆಯಲ್ಲಿ ಸೋಸುತ್ತಿದ್ದಳು. ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಬೆರೆಸುತ್ತಿದ್ದಳು. ಬೆರೆಸಿದ್ದನ್ನು ಹಾಲಿನ ಪುಡಿಯ ಡಬ್ಬಕ್ಕೆ ಮುಕ್ಕಾಲು ಮಾತ್ರ ತುಂಬಬೇಕು, ಗಟ್ಟಿಯಾಗುವಾಗ ಅದು ಉಬ್ಬುತ್ತದೆ. ಡಬ್ಬವನ್ನು ಬಕೆಟ್ಟಿನಲ್ಲಿಟ್ಟು ಸುತ್ತ ಒಂದು ಪದರ ಕುಟ್ಟಿದ ಐಸು, ಒಂದು ಹಿಡಿ ಕಲ್ಲುಪ್ಪು, ಮತ್ತೆ ಐಸು, ಮತ್ತೆ ಉಪ್ಪು. ಉಪ್ಪುನೀರು ಡಬ್ಬದ ಕುತ್ತಿಗೆಯಿಂದ ನಾಲ್ಕು ಬೆರಳು ಕೆಳಗೇ ನಿಲ್ಲಬೇಕು. ಆಮೇಲೆ ಗೋಣಿ ಹೊದಿಸಿ, ಡಬ್ಬವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ ಕೂರಬೇಕು. ಆಗಾಗ ಮುಚ್ಚಳ ತೆಗೆದು, ಅಂಚಿಗೆ ಕಟ್ಟಿದ್ದನ್ನು ಮರದ ಸೌಟಿನಲ್ಲಿ ಕೆರೆದು ನಡುವಿಗೆ ತರಬೇಕು. ಕೆರೆಯದಿದ್ದರೆ ಕಲ್ಲು. ಕೆರೆದರೆ ಬೇಸಿಗೆಯ ಮಳೆಯಲ್ಲಿ ಒಮ್ಮೊಮ್ಮೆ ಬೀಳುವ ಆಲಿಕಲ್ಲನ್ನು ಪುಡಿ ಮಾಡಿದ ಹಾಗೆ, ಬಾಯಿಗಿಟ್ಟರೆ ತಾನೇ ಇಳಿಯುತ್ತದೆ. ಮುಕ್ಕಾಲು ಗಂಟೆಯ ಕೆಲಸ. ಗಾರೆ ಹೊತ್ತ ರಟ್ಟೆಗೆ ಅದೇನು ದೊಡ್ಡದಲ್ಲ.

ಹೆಬ್ಬಾಳದ ತೋಟಗಳಲ್ಲಿ ಗೊಂಚಲಿನಿಂದ ಉದುರಿದ ದ್ರಾಕ್ಷಿ, ಬೇಸಿಗೆಗೆ ರಸಪುರಿ ಮಾವು, ಮಳೆ ಬಿದ್ದರೆ ನೇರಳೆ, ಚಳಿಗೆ ಸೀಬೆ. ಬಕೆಟ್ಟನ್ನು ತಲೆಯ ಮೇಲಿಟ್ಟುಕೊಂಡು ಕ್ವಾರ್ಟರ್ಸ್ ಬೀದಿಗೆ ಹೋದರೆ ಮಕ್ಕಳು "ಐಸಮ್ಮ ಬಂತು" ಎಂದು ಕೂಗುತ್ತಿದ್ದರು. ಆಫೀಸರುಗಳ ಹೆಂಡಂದಿರು ಬಾಗಿಲಲ್ಲಿ ನಿಂತು "ನೀರು ಎಲ್ಲಿಂದಮ್ಮಾ, ಶುಚಿಯಾಗಿದೆಯೋ?" ಎಂದು ಕೇಳುತ್ತಿದ್ದರು. "ನೀವ್ ನಿಂತಿದೀರಲ್ಲ, ಅಲ್ಲೇ ನಮ್ ಬಾವಿ ಇತ್ತು. ಅದ್ನ ಮುಚ್ಚಿದ್ರು. ಈಗ ನಿಮ್ ನಲ್ಲಿ ನೀರೇ" ಎನ್ನುತ್ತಿದ್ದಳು. ಅವರು ಕಾಸು ತರಲು ಒಳಗೆ ಹೋಗುತ್ತಿದ್ದರು.

ಅರವತ್ತರ ದೀಪಾವಳಿ ಕಳೆದ ಮೇಲೆ ಚಿಕ್ಕಹನುಮಯ್ಯನ ನಾಲಿಗೆಯ ಬುಡದಲ್ಲಿ ಹುಣ್ಣು ಕಂಡಿತು. ಹೊಗೆಸೊಪ್ಪು, ಸುಣ್ಣ, ಇಪ್ಪತ್ತು ವರ್ಷದ ಅಭ್ಯಾಸ. ಉಪ್ಪುನೀರಿನ ತೊಟ್ಟಿಯ ಮೇಲೆ ನಿಂತು ಹತ್ತು ಗಂಟೆ ಕ್ಯಾನು ಎಳೆಯುವವನು ಬಾಯಿಯಲ್ಲಿ ಏನಾದರೂ ಬಿಸಿ ಇರಲೆಂದು ಹಾಕಿಕೊಳ್ಳುತ್ತಾನೆ. ಎಲ್ಲರೂ ಹಾಕುತ್ತಿದ್ದೆವು. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು, ಹುಣ್ಣು ಸುಡಲೆಂದು ಒಂದೂವರೆ ತಿಂಗಳು ಕರೆಂಟು ಕೊಟ್ಟರು. ಫೆಬ್ರವರಿಯಲ್ಲಿ, ಮನೆಗೆ ಕರೆದುಕೊಂಡು ಹೋಗಿ, ಏನು ಇಳಿಯುತ್ತದೋ ಕೊಡಿ ಎಂದು ಕಳಿಸಿದರು.

ಏನೂ ಇಳಿಯಲಿಲ್ಲ. ಗಂಜಿ ಸುಡುತ್ತಿತ್ತು, ಹಾಲು ಅಂಟುತ್ತಿತ್ತು, ಮಜ್ಜಿಗೆ ಉರಿಯುತ್ತಿತ್ತು. ಐಸು ಮಾತ್ರ ಇಳಿಯಿತು. ಶೀತಕ್ಕೆ ಬಾಯಿ ಮರಗಟ್ಟಿ, ಎರಡು ಚಮಚೆಯ ಹೊತ್ತು ನೋವು ಗೊತ್ತಾಗುತ್ತಿರಲಿಲ್ಲ. ಅವಳು ಮಾರಾಟ ಬಿಟ್ಟಳು. ದ್ರಾಕ್ಷಿ, ಮಾವು ಹುಳಿ, ಹುಣ್ಣಿಗೆ ತಾಗಿದರೆ ಅವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಪರಂಗಿ ಹಣ್ಣಿನ ವಾಸನೆಗೆ ಓಕರಿಸುತ್ತಿದ್ದ. ಕೊನೆಗೆ ನಿಂತದ್ದು ಕರಬೂಜ. ಸಪ್ಪೆ, ಮೆತ್ತಗೆ, ಹುಳಿ ಇಲ್ಲ. ದಿನಕ್ಕೆ ಒಂದು ಲೋಟದಷ್ಟು ಕರಬೂಜದ ಐಸಿನ ಮೇಲೆ ಆ ಮನುಷ್ಯ ಎರಡು ತಿಂಗಳು ಬದುಕಿದ. ಚೂರು ಐಸನ್ನು ನಾವು ಸರದಿಯ ಮೇಲೆ ಸೈಕಲ್ಲಿನಲ್ಲಿ ಮುಟ್ಟಿಸುತ್ತಿದ್ದೆವು. ಅವಳಿಗೆ ಬೇರೆ ಆಸೆ ಏನೂ ಇರಲಿಲ್ಲ. ಅವನು ಸಾಯುತ್ತಾನೆಂದು ಅವಳಿಗೆ ಗೊತ್ತಿತ್ತು. ಹಸಿದು ಸಾಯಬಾರದು, ಅಷ್ಟೇ.

ಏಪ್ರಿಲ್‌ನಲ್ಲಿ ನಾವು ಸ್ಟ್ರೈಕ್ ಹೂಡಿದೆವು. ಉಪ್ಪುನೀರಿನಲ್ಲಿ ನಿಂತು ನಮ್ಮ ಕಾಲ್ಬೆರಳ ಸಂದುಗಳು ಕೊಳೆಯುತ್ತಿದ್ದವು. ರಬ್ಬರ್ ಬೂಟು ಕೊಡಿ, ವಾರಕ್ಕೊಂದು ರಜೆ ಕೊಡಿ ಎಂದು ಕೇಳಿದ್ದೆವು. ಸಾಹುಕಾರ ಎರಡಕ್ಕೂ ಇಲ್ಲ ಎಂದ.

ಇದು ಎರಡನೆಯ ಸ್ಟ್ರೈಕು. ಮೊದಲನೆಯದು ಐವತ್ತೆಂಟರಲ್ಲಿ ಮುರಿದಿತ್ತು, ಅದೂ ನಮ್ಮ ಮೆತ್ತನೆ ಮನಸ್ಸಿನಿಂದ. ಯಾರದೋ ಮದುವೆ ಮನೆಗೆಂದು ಎರಡು ದಿಮ್ಮಿ ಬಿಟ್ಟೆವು. ಅದನ್ನೇ ಹಿಡಿದು ಸಾಹುಕಾರ ಪೊಲೀಸರನ್ನು ಕರೆತಂದು, ಅವರೇ ಮಾಲು ಬಿಡುತ್ತಿದ್ದಾರಲ್ಲ ಎಂದು ಎರಡು ಲಾರಿ ತುಂಬಿಸಿ ಕಳಿಸಿದ. ಆಗ ಕಟ್ಟು ಮಾಡಿದವನು ಚಿಕ್ಕಹನುಮಯ್ಯನೇ: ಇನ್ನು ಮೇಲೆ ಸ್ಟ್ರೈಕ್ ಎಂದರೆ ಒಂದು ತುಂಡು ಐಸೂ ಗೇಟು ದಾಟಬಾರದು. ಹೆಣಕ್ಕೂ ಇಲ್ಲ, ಮದುವೆಗೂ ಇಲ್ಲ, ಅವರಪ್ಪನಿಗೂ ಇಲ್ಲ. ಆಣೆ ಇಡಲು ಕರ್ಪೂರ ತಂದರೆ ನಮ್ಮ ಮೆಷಿನ್ ಡ್ರೈವರ್ ಗುಲಾಮ್ ರಸೂಲನಿಗೆ ಒಗ್ಗುವುದಿಲ್ಲವೆಂದು, ಒಬ್ಬೊಬ್ಬರ ಮುಷ್ಟಿಗೂ ಒಂದೊಂದು ಐಸ್ ತುಂಡು ಕೊಟ್ಟು, ಅದು ಪೂರ್ತಿ ಕರಗುವವರೆಗೆ ಕೈ ಬಿಚ್ಚಬಾರದು ಎಂದಿದ್ದ. ಮೂವತ್ತೊಂದು ಜನ ಹಲ್ಲು ಕಚ್ಚಿ ಹಿಡಿದು ನಿಂತಿದ್ದೆವು. ಅರವತ್ತೊಂದರಲ್ಲೂ ಅದೇ ಆಣೆ ನಡೆಯಿತು. ಅವನು ಹಾಸಿಗೆ ಹಿಡಿದಿದ್ದರಿಂದ ಅವನ ಮನೆಗೇ ಹೋಗಿ ಅವನ ಮುಷ್ಟಿಗೂ ಒಂದು ತುಂಡು ಇಟ್ಟೆವು. ಮುಷ್ಟಿ ಬಿಗಿಹಿಡಿದ. ಕಣ್ಣಲ್ಲಿ ಖುಷಿ ಇತ್ತು. ಮಾರನೆಯ ದಿನದಿಂದ ಅವನಿಗೆ ಐಸ್ ಎಲ್ಲಿಂದ ಎಂದು ನಮ್ಮಲ್ಲಿ ಒಬ್ಬನೂ ಯೋಚಿಸಲಿಲ್ಲ.

ಸೋಮವಾರ ಮೆಷಿನ್ ನಿಲ್ಲಿಸಿದೆವು. ಬುಧವಾರ ಮುನಿನಾರಾಯಣಮ್ಮ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿನ ಐಸ್ ಡಿಪೋಗೆ ಹೋದಳು. ಸೋಡಾದವರ, ಮೀನಿನವರ ಕಾಲಿಗೆ ಸಿಕ್ಕಿ ಅರ್ಧ ದಿನ ನಿಂತು ಒಂದು ತುಂಡು ಪಡೆದಳು. ಹಿಂದಕ್ಕೆ ಬರುವಾಗ ಸೀಟಿನ ಕೆಳಗೆ ನೀರು ಹರಿಯಿತೆಂದು ಕಂಡಕ್ಟರ್ ಮಲ್ಲೇಶ್ವರದಲ್ಲೇ ಇಳಿಸಿಬಿಟ್ಟ. ಬಿಸಿಲಲ್ಲಿ ನಡೆದು ಮನೆ ಮುಟ್ಟಿದಾಗ ಗೋಣಿಯಲ್ಲಿ ನಿಂಬೆಹಣ್ಣಿನಷ್ಟು ಉಳಿದಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ತುಟಿಗೆ ಒತ್ತಿದಳು. ಹೊಟ್ಟೆಗೆ ಏನೂ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಗೋಣಿ, ಬಕೆಟ್ಟು ಹಿಡಿದು ನಮ್ಮ ಗೇಟಿಗೇ ಬಂದಳು.

"ಏನಕ್ಕ, ನಮ್ಗೆ ಐಸ್ ತಂದಾ? ಬಿಸ್ಲಲ್ಲಿ ಕುಂತು ಮಿದುಳು ಕುದೀತಾ ಐತೆ" ಎಂದು ಒಬ್ಬ ಹಾಸ್ಯ ಮಾಡಿದ.

"ಐಸ್ ಮಾಡೋ ಗಂಡುಸ್ರು ನೀವು, ಕೇಳೋದು ನನ್ನಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೊಂಗೆ ಮರದಡಿ ಕೂತಿದ್ದ ಮುನಿಶಾಮಪ್ಪನ ಬಳಿಗೆ ಹೋದಳು. ಅವನು ಯೂನಿಯನ್ನಿನ ಕಾರ್ಯದರ್ಶಿ, ಚಿಕ್ಕಹನುಮಯ್ಯ ಹಾಸಿಗೆ ಹಿಡಿದ ಮೇಲೆ ಆ ಜಾಗಕ್ಕೆ ಬಂದವನು.

"ಶಾಮಣ್ಣ, ಎರಡು ಮುಷ್ಟಿ ಐಸ್ ಬೇಕು. ಮೂರು ದಿನ ಆಯ್ತು ಅವ್ನ ಒಟ್ಟೆಗೆ ಏನೂ ಇಲ್ಲ."

"ಯಾರ್ಗೆ, ಯಾಕೆ ಅಂತ ನಾನು ಕೇಳಕ್ಕಿಲ್ಲ ಅಕ್ಕ. ಎಂಗೆ ಕೊಡ್ಲಿ ಏಳು?"

"ಕೈಯಲ್ಲಿ ಕೊಡು."

"ಮೇಲೆ ನೋಡು. ಕಿಟಕೀಲಿ ಗುಮಾಸ್ತ ಕುಂತವ್ನೆ. ಒಂದ್ ತುಂಡು ಈಚೆ ಬಂದ್ರೆ ಸಾಕು, ಮಧ್ಯಾನ್ನಕ್ಕೆ ಲಾರಿ ಬತ್ತದೆ. ನಿನ್ ಗಂಡನೇ ಮಾಡ್ದ ಕಟ್ಟು ಇದು."

"ಮಾಡ್ದಾಗ ಅವ್ನ ಗಂಟ್ಲು ನೆಟ್ಟಗಿತ್ತು ಕಣಪ್ಪ."

ಮುನಿಶಾಮಪ್ಪ ನೆಲ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಒಳಗೆ ಹೋಗಿ ಬರುವ ಹಕ್ಕು ನಮ್ಮಲ್ಲಿ ಒಬ್ಬನಿಗೆ ಮಾತ್ರ ಇತ್ತು, ಮೆಷಿನ್ ಡ್ರೈವರ್ ಗುಲಾಮ್ ರಸೂಲನಿಗೆ. ಮೆಷಿನ್ನಿನ ಗ್ಯಾಸು ಸೋರಿದರೆ ಸುತ್ತಲ ಬೀದಿಗೇ ಅಪಾಯ. ಅದಕ್ಕೆ ದಿನಕ್ಕೆರಡು ಸಲ ಅವನು ವಾಲ್ವು ನೋಡಿ ಬರಲೆಂದು ಸಾಹುಕಾರನೂ ನಾವೂ ಒಪ್ಪಿದ್ದೆವು. ಬೀಗದ ಕೈ ಅವನಲ್ಲಿತ್ತು. ಸಂಜೆ ಅವನು ಒಳಗೆ ಹೋದಾಗ ಅವಳು ಹಿಂದಿನ ಗೋಡೆಯ ಆಚೆ, ರೈಲ್ವೆ ಹಳಿಯ ಪಕ್ಕ ನಿಂತಿದ್ದಳು. ಗೋಡೆಯ ಮೇಲಿಂದ, ಕರಗದಿರಲೆಂದು ಮರದ ಹೊಟ್ಟು ಮೆತ್ತಿದ ಒಂದು ದಪ್ಪ ತುಂಡು ಗೋಣಿಗೆ ಬಿತ್ತು.

"ತಂಗೀ, ಇದು ನಾನು ಕೊಟ್ಟಿದ್ದಲ್ಲ. ಗೋಡೆ ಮೇಲಿಂದ ಬಿತ್ತು. ತಿಳೀತಾ?"

"ಯಾವ ಗೋಡೆ? ನಾನ್ ನೋಡೇ ಇಲ್ಲ."

"ಶಾಭಾಸ್. ಓಡು."

ಮನೆಗೆ ಹೋಗಿ ಐಸ್ ಕುಟ್ಟಿದಳು. ಕರಬೂಜ ಸೋಸಿದಳು. ಡಬ್ಬ ತಿರುಗಿಸುತ್ತ ಕೂತಳು. ಗಂಡ ಹಾಸಿಗೆಯಿಂದಲೇ ಹುಬ್ಬೆತ್ತಿ, ಎಲ್ಲಿಯದು ಎಂದು ಕೇಳಿದ. ಮಾತು ಹೋಗಿ ತಿಂಗಳಾಗಿತ್ತು, ಕೈ ಕಣ್ಣುಗಳಲ್ಲೇ ಮಾತು. "ಮಾರ್ಕೆಟ್ ಡಿಪೋದ್ದು. ಇವತ್ತು ಒಳ್ಳೆ ಕಂಡಕ್ಟರ್ ಸಿಕ್ಕಿದ್ದ" ಎಂದಳು.

ನಾಲ್ಕು ಚಮಚೆ ತಿಂದ. ಮೂರು ದಿನದ ಮೇಲೆ ನಾಲ್ಕು ಚಮಚೆ. ಐದನೆಯದಕ್ಕೆ ಬಾಯಿ ತೆರೆಯುವ ಮೊದಲು ದವಡೆ ಮುಟ್ಟಿ ತೋರಿಸಿದ. ದವಡೆ ಉರಿದಾಗ ಒಂದು ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಡುವುದು ಅವಳ ರೂಢಿ. ಬಕೆಟ್ಟಿಗೆ ಹಾಕದೆ ಉಳಿಸಿದ್ದ ತುಂಡನ್ನು ಸುತ್ತಿ ಕೊಟ್ಟಳು.

ಹಳೆಯ ಕ್ಯಾನುಗಳು ತೂತು ಬಿದ್ದಾಗ ಅವಕ್ಕೆ ಬೆಸುಗೆ ಹಾಕುತ್ತಿದ್ದವನು ಚಿಕ್ಕಹನುಮಯ್ಯ. ಬೆಸುಗೆಯ ಗಂಟು ಕ್ಯಾನಿನ ಒಳಮೈಯಲ್ಲಿ ಉಬ್ಬಿಕೊಂಡಿರುತ್ತದೆ. ಆ ಕ್ಯಾನಿನ ದಿಮ್ಮಿಗೆ ಅಷ್ಟು ಜಾಗದಲ್ಲಿ ಗುಳಿ ಬೀಳುತ್ತದೆ. ಅವನ ಹೆಬ್ಬೆರಳು ಬಟ್ಟೆಯ ಮೇಲಿಂದಲೇ ಆ ಗುಳಿಯನ್ನು ಕಂಡಿತು. ಬಟ್ಟೆ ಬಿಚ್ಚಿ ನೋಡಿದ. ತಾನೇ ಹಾಕಿದ ಬೆಸುಗೆ, ತಮ್ಮದೇ ಕಾರ್ಖಾನೆಯ ಐಸು. ತುಂಡನ್ನು ನೆಲಕ್ಕೆ ಬಿಟ್ಟ. ಐದನೆಯ ಚಮಚೆ ತಂದಾಗ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿದ.

ಅವಳು ಬೈದಳು. ಬೇಡಿದಳು. ಮೂಗು ಹಿಡಿದು ಬಾಯಿ ತೆರೆಸಲು ನೋಡಿದಳು. ಹುಣ್ಣು ಒಡೆದು ರಕ್ತ ಬಂತು, ಬಾಯಿ ತೆರೆಯಲಿಲ್ಲ. ಡಬ್ಬದಲ್ಲಿ ಉಳಿದದ್ದು ಬೆಳಿಗ್ಗೆ ನೀರಾಗಿತ್ತು.

ಶುಕ್ರವಾರ ಅವಳು ಗೇಟಿಗೆ ಬಂದಾಗ ಕೈಯಲ್ಲಿ ಗೋಣಿ ಇರಲಿಲ್ಲ. ಇಪ್ಪತ್ತು ಜನರ ನಡುವೆ ನಿಂತು ಹೇಳಿದಳು:

"ನೆನ್ನೆ ನಿಮ್ ಐಸ್ ಸಿಕ್ತು. ತಿಂದ. ನಿಮ್ದು ಅಂತ ಗೊತ್ತಾಯ್ತು, ಬಾಯಿ ಮುಚ್ದ. ನಾನ್ ಏಳುದ್ರೆ ತೆಗೆಯಕ್ಕಿಲ್ಲ. ನೀವ್ ಇಕ್ಕಿದ ಆಣೆ, ನೀವೇ ಬಂದು ಬಿಡಿಸ್ರಿ."

ಎಲ್ಲರ ಕಣ್ಣೂ ರಸೂಲನ ಮೇಲೆ ಹೋಯಿತು. ನಾವು ಅಂಥವರು. ಅವಳ ಗಂಡ ಸಾಯುತ್ತಿದ್ದಾನೆ ಎನ್ನುವುದು ಎರಡನೆಯದಾಯಿತು, ಕಟ್ಟು ಮುರಿದವನು ಯಾರು ಎನ್ನುವುದು ಮೊದಲಾಯಿತು.

"ಅವ್ದು, ನಾನೇ ಎಸೆದಿದ್ದು" ಎಂದ ರಸೂಲ. "ಆ ಮನುಷ್ಯ ನಂಗೆ ಕೆಲ್ಸ ಕಲ್ಸಿದ್ದು. ಏನ್ ಮಾಡ್ತೀರ, ನೇಣ್ ಹಾಕ್ತೀರಾ?"

"ಬೀಗದ್ ಕೈ ಕೊಡು" ಎಂದ ಮುನಿಶಾಮಪ್ಪ.

"ತಗೋ. ವಾಲ್ವ್ ಎಲ್ಲಾ ಬಿಗಿ ಮಾಡಿದೀನಿ, ಗ್ಯಾಸ್ ಭಯ ಇಲ್ಲ. ಆದ್ರೆ ಒಳಗೆ ತೊಟ್ಟಿ ನೋಡೋರು ಯಾರು?"

"ನೋಡೋಕೇನಯ್ಯ ಅದೆ? ಐಸ್‌ಗೆ ಕಾಲ್ ಬಂದು ಓಡೋಯ್ತದಾ?"

ಒಂದಿಬ್ಬರು ನಕ್ಕರು. ಬೀಗದ ಮೇಲೆ ನಮ್ಮದೊಂದು ಬೀಗ ಜಡಿದು, ಮುಂದೆ ಇಬ್ಬರನ್ನು ಕೂರಿಸಿದೆವು. ಒಳಗೆ ಯಾರೂ ಹೋಗಕೂಡದು ಎಂದಾಯಿತು. ಆಮೇಲೆ ಮುನಿಶಾಮಪ್ಪ ಅವಳ ಕಡೆ ತಿರುಗಿದ.

"ನೋಡಕ್ಕ, ನಾನೊಬ್ನೇ ಬಂದು ಬಿಡು ಅಂದ್ರೆ ಚಿಕ್ಕಣ್ಣ ನನ್ ಮಖಕ್ಕೆ ಉಗೀತಾನೆ. ಆಣೆ ಎಲ್ರುದ್ದು. ಎಲ್ರೂ ಸೇರಿ ಕೈ ಎತ್ತಿ ಗೊತ್ತುವಳಿ ಮಾಡ್ಬೇಕು. ಭಾನ್ವಾರ ಬೆಳಿಗ್ಗೆ ಮೀಟಿಂಗ್ ಇಡ್ತೀನಿ. ಮಾಡೇ ಮಾಡ್ತೀವಿ."

"ಭಾನ್ವಾರದ್ ಗಂಟ ಅವ್ನು ಏನ್ ಕುಡೀಬೇಕು? ನಿಮ್ ಮೀಟಿಂಗಾ?"

"ಎರಡ್ ದಿನ ಅಕ್ಕ. ಎಂಗೋ ತಡ್ಕೋ. ಐಸ್ ಅಂತೂ ಇಲ್ಲೇ ಅದೆ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಬ್ಬನ ಮಾತಿಗೆ ಚಿಕ್ಕಹನುಮಯ್ಯ ಬಾಯಿ ತೆರೆಯುವವನಲ್ಲ. ಆದರೆ ನಾಲ್ಕು ಜನ ಸೈಕಲ್ ಹತ್ತಿ ಅಟ್ಟೂರು, ಹೆಬ್ಬಾಳ, ಚಿಕ್ಕಬಾಣಾವರಕ್ಕೆ ಹೋಗಿದ್ದರೆ ಅವತ್ತು ಸಂಜೆಗೇ ಎಲ್ಲರನ್ನೂ ಸೇರಿಸಬಹುದಿತ್ತು. ಅದರ ಬದಲು ನಾನು ಕೂತು ನೋಟೀಸು ಬರೆದೆ. ಅಕ್ಷರ ದುಂಡಗೆ ಬರಲೆಂದು ಎರಡು ಸಲ ಬರೆದೆ.

ಭಾನುವಾರ ಚಿಕ್ಕಹನುಮಯ್ಯನೊಬ್ಬನನ್ನು ಬಿಟ್ಟು ಉಳಿದ ಮೂವತ್ತು ಜನವೂ ಬಂದರು. ಹೊಂಗೆ ಮರದಡಿ ಒಂದು ಗಂಟೆ ಮಾತು ನಡೆಯಿತು. ಗುಮಾಸ್ತ ಕೇಳಿದರೆ ಏನು ಹೇಳಬೇಕು, ಎಷ್ಟು ತೂಕ ಬಿಡಬೇಕು, ಒಂದು ದಿನಕ್ಕೋ ದಿನಾಲೂ, ಬರೆದಿಡಬೇಕೋ ಬಾಯಿಮಾತೋ. ಒಬ್ಬ ಎದ್ದು, "ದಿನಾಲೂ ಅಂತ ಬರೀರಿ, ಸಾಯೋಗಂಟ ಅಂತ ಬರೀಬ್ಯಾಡಿ, ಚೆನ್ನಾಗಿರಕ್ಕಿಲ್ಲ" ಎಂದ. ಹಾಗೇ ಬರೆದೆ. ಮೂವತ್ತು ಕೈ ಎದ್ದವು. ರಸೂಲನ ಕೈ ಎಲ್ಲರಿಗಿಂತ ಮೊದಲು ಎದ್ದಿತು. ಚಿಕ್ಕಹನುಮಯ್ಯನಿಗೆ ಆಣೆಯಿಂದ ಬಿಡುಗಡೆ, ಅವನ ಪಾಲಿನ ಐಸು ಗೇಟು ದಾಟಬಹುದು. ಎಲ್ಲರೂ ರುಜು ಮಾಡಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಬೀಗ ತೆಗೆದು ಒಳಗೆ ಹೋದೆವು. ತೊಟ್ಟಿಯ ಮರದ ಮುಚ್ಚಳ ಸರಿಸಿ ಮೊದಲ ಕ್ಯಾನನ್ನು ಇಬ್ಬರು ಹಿಡಿದು ಎಳೆದರು. ಒಳಗಿದ್ದದ್ದು ಅಲುಗಾಡಿ ಅವರ ಎದೆಯ ಮೇಲೆ ಚೆಲ್ಲಿತು. ನೀರು. ಎರಡನೆಯದು ನೀರು. ರಸೂಲ ಮೊಣಕೈಯವರೆಗೆ ತೊಟ್ಟಿಗೆ ಕೈ ಇಳಿಸಿ, ಮೇಲೆ ತೆಗೆದು, ಲುಂಗಿಗೆ ಒರೆಸಿಕೊಂಡ. ನಾವು ಅಷ್ಟೂ ಕ್ಯಾನುಗಳನ್ನು ಒಂದೊಂದಾಗಿ ಎಳೆದು ನೋಡಿದೆವು. ಬೇಕಿರಲಿಲ್ಲ, ಆದರೂ ನೋಡಿದೆವು.

ಹತ್ತು ಹನ್ನೆರಡು ವರ್ಷ ಐಸ್ ಮಾಡಿದ ಕೈಗಳು ನಮ್ಮವು. ಐವತ್ತೆಂಟರಲ್ಲೂ ಸೇರಿ, ನಮ್ಮ ಕಣ್ಣೆದುರು ಮೆಷಿನ್ ಒಂದು ದಿನದ ಮೇಲೆ ನಿಂತದ್ದೇ ಇರಲಿಲ್ಲ, ತೊಟ್ಟಿಯಲ್ಲಿದ್ದ ಐಸು ಎಂದೂ ಕರಗಿರಲಿಲ್ಲ. ಕರಗುವುದು ಕೊಂಡವರ ಪಾಡು ಎಂದುಕೊಂಡಿದ್ದೆವೋ ಏನೋ. ತೊಟ್ಟಿಯನ್ನು ದಿನಾ ಮುಟ್ಟಿ ನೋಡುತ್ತಿದ್ದ ಒಬ್ಬನನ್ನು ನಾವೇ ಹೊರಗೆ ಹಾಕಿದ್ದೆವು.

ಇಬ್ಬರನ್ನು ಸೈಕಲ್ಲಿನಲ್ಲಿ ಮಾರ್ಕೆಟ್ಟಿಗೆ ಓಡಿಸಿದೆವು. ಅವರು ಐಸು ಹೊತ್ತು ಜಾಲಹಳ್ಳಿಗೆ ಬಂದದ್ದು ಮಧ್ಯಾಹ್ನ ಮೂರರ ಮೇಲೆ. ಚಿಕ್ಕಹನುಮಯ್ಯ ತೀರಿಕೊಂಡದ್ದು ಎರಡಕ್ಕೆ. ಅವರು ತಂದದ್ದನ್ನು ಅಟ್ಟೂರಿಗೆ ಕೊಟ್ಟಿದ್ದ ಮಗಳು ಬರುವವರೆಗೆ ಹೆಣದ ಪಕ್ಕ ಇಟ್ಟರು. ಬೂಟು ಮೇ ತಿಂಗಳಲ್ಲಿ ಬಂದವು, ವಾರದ ರಜೆ ಬರಲಿಲ್ಲ. ಮುನಿನಾರಾಯಣಮ್ಮ ಮತ್ತೆ ಗಾರೆ ಹೊರಲು ಹೋದಳು. ಬಕೆಟ್ಟು ಹೊತ್ತು ಕ್ವಾರ್ಟರ್ಸ್ ಬೀದಿಗೆ ಬಂದದ್ದನ್ನು ಆಮೇಲೆ ಯಾರೂ ನೋಡಲಿಲ್ಲ.

ಆದರೆ ಆ ಭಾನುವಾರ ಹನ್ನೊಂದೂವರೆಗೆ, ಅವನ ಜೀವ ಇನ್ನೂ ಇದ್ದಾಗ, ಮುನಿಶಾಮಪ್ಪ, ರಸೂಲ, ನಾನು ಮತ್ತು ಇನ್ನಿಬ್ಬರು ಗೊತ್ತುವಳಿ ಹಿಡಿದು ಆ ಮನೆಗೆ ಹೋದೆವು. ಅವಳು ಎಲ್ಲವನ್ನೂ ಸಿದ್ಧಮಾಡಿಕೊಂಡು ಕೂತಿದ್ದಳು. ಕರಬೂಜ ಸೋಸಿ ಡಬ್ಬಕ್ಕೆ ಮುಕ್ಕಾಲು ತುಂಬಿದ್ದಳು. ಡಬ್ಬ ಬಕೆಟ್ಟಿನಲ್ಲಿತ್ತು. ಪಕ್ಕದಲ್ಲಿ ಕಲ್ಲುಪ್ಪು, ಕುಟ್ಟಲು ಗುಂಡುಕಲ್ಲು. ನಮ್ಮ ಐದು ಜನರ ಕೈಗಳನ್ನೂ ನೋಡಿದಳು.

"ಐಸೆಲ್ಲಿ?"

"ಸೈಕಲ್ ಕಳ್ಸಿದೀವಿ ಅಕ್ಕ" ಎಂದ ಮುನಿಶಾಮಪ್ಪ. "ನಮ್ದು... ಕರಗೋಯ್ತು."

ಅವಳು ಅವನ ಮುಖವನ್ನೇ ನೋಡುತ್ತ, "ಓದು" ಎಂದಳು.

ಮುನಿಶಾಮಪ್ಪನಿಗೆ ಓದು ಬರುತ್ತಿರಲಿಲ್ಲ. ನಾನು ಹಾಸಿಗೆಯ ಪಕ್ಕ ಕೂತು ಓದಿದೆ. ಮೂವತ್ತು ಹೆಸರನ್ನೂ ಓದಿದೆ. ಹೆಸರು ಓದುವಾಗ ಚಿಕ್ಕಹನುಮಯ್ಯ ಕಣ್ಣು ಬಿಟ್ಟ. ಕಾಗದಕ್ಕೆ ಕೈ ಚಾಚಿ, ಹೆಬ್ಬೆಟ್ಟಿನ ಗುರುತುಗಳನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ. ಮೂರು ದಿನದ ಮೇಲೆ ತೆರೆದ ಬಾಯಿ, ವಾಸನೆಗೆ ನಮ್ಮಲ್ಲೊಬ್ಬ ಬಾಗಿಲಾಚೆ ಹೋದ.

ಐಸಿಲ್ಲದ ಕರಬೂಜದ ರಸವನ್ನೇ ಅವಳು ಒಂದು ಚಮಚೆ ಹಾಕಿದಳು. ಅದು ಹಾಗೇ ಕಟವಾಯಿಯಿಂದ ಹರಿದು ದಿಂಬಿಗೆ ಬಂತು. ಇನ್ನೊಂದು ಚಮಚೆ. ಅವನು ನುಂಗಲು ನೋಡಿದ, ಕುತ್ತಿಗೆಯ ನರಗಳು ಬಿಗಿದು ನಿಂತವು, ಮೂಗಿನಿಂದ ಹೊರಗೆ ಬಂತು. ಮೂರನೆಯದಕ್ಕೆ ಅವನೇ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಸರಿಸಿದ. ಸಿಟ್ಟಿನಿಂದಲ್ಲ. ಆಗುತ್ತಿರಲಿಲ್ಲ.

ಅವಳು ಅವನ ಮುಖ ಒರೆಸಿದಳು. ದಿಂಬು ತಿರುವಿ ಹಾಕಿದಳು. ಆಮೇಲೆ ಬಕೆಟ್ಟಿನಿಂದ ಡಬ್ಬ ತೆಗೆದು ಮುನಿಶಾಮಪ್ಪನ ಮುಂದೆ ಹಿಡಿದಳು.

"ಕುಡಿ ಶಾಮಣ್ಣ."

"ಬ್ಯಾಡಕ್ಕ..."

"ಕುಡಿ ಅಂದೆ. ಬಿಸ್ಲಲ್ಲಿ ಬಂದಿದ್ದೀರ. ಇಟ್ರೆ ಉಳಿ ಬತ್ತದೆ."

ಮುನಿಶಾಮಪ್ಪ ಕುಡಿದ. ಡಬ್ಬ ರಸೂಲನ ಕೈಗೆ ಬಂತು. ಎರಡೂ ಕೈಯಲ್ಲಿ ಹಿಡಿದು ಕುಡಿದ. ಬಾಗಿಲಾಚೆ ಹೋಗಿದ್ದವನನ್ನೂ ಅವಳು ಹೆಸರು ಹಿಡಿದು ಒಳಗೆ ಕರೆದಳು. ಅವನೂ ಕುಡಿದ. ಚಿಕ್ಕಹನುಮಯ್ಯ ಹಾಸಿಗೆಯಿಂದ ನಮ್ಮ ಗಂಟಲುಗಳನ್ನು ನೋಡುತ್ತಿದ್ದ, ಒಂದೊಂದು ಗುಟುಕಿಗೂ. ನನ್ನ ಸರದಿಗೆ ಬಂದಾಗ ತಳದಲ್ಲಿ ನಾಲ್ಕು ಬೆರಳಿನಷ್ಟು ಉಳಿದಿತ್ತು. ನಾನು ಒಂದು ಗುಟುಕು ಕುಡಿದು ಡಬ್ಬ ಹಿಂದಕ್ಕೆ ಕೊಡಹೋದೆ. ಅವಳು ಇಣುಕಿ ನೋಡಿ ಮತ್ತೆ ನನ್ನ ಕಡೆಗೇ ತಳ್ಳಿದಳು.

"ಅದ್ನೂ" ಎಂದಳು.

ಕುಡಿದೆ. ತುಂಬ ಸಿಹಿಯಾಗಿತ್ತು.